ಒಡೆದ ರಿಮ್‌ಗೆ ಬದಲಿ: ಸ್ಪೋರ್ಟ್ಸ್ ಕಾರಿಗೆ ಕೈಗೆಟುಕುವ ಚಕ್ರ ಆರಿಸುವುದು ಹೇಗೆ?

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಯಲ್ಲಿ ಬೆಂಗಳೂರಿನ ದುಬಾರಿ ಕಾರುಗಳ ಸಾಲು ಕಾಣುವುದು ಹಳೇ ಮಾತು. ಈಗೀಗ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳ ಮುಂದೆಯೂ ಅಂಥ ಕಾರುಗಳು ನಿಲ್ಲುತ್ತಿವೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಹಳೇ ಬಿಎಂಡಬ್ಲ್ಯು, ಎಲ್ಲೋ ಒಂದು ಆಡಿ ಟಿಟಿ. ಹೊಸದಾಗಿದ್ದಾಗ ಕನಸಿನಲ್ಲೂ ಕೊಳ್ಳಲಾಗದ ಕಾರು ಹತ್ತು ವರ್ಷ ಕಳೆದ ಮೇಲೆ ಕೈಗೆ ಸಿಗುವ ಬೆಲೆಗೆ ಬರುತ್ತದೆ.

ತಾಪತ್ರಯ ಶುರುವಾಗುವುದು ಮೊದಲ ದೊಡ್ಡ ಗುಂಡಿಯಲ್ಲಿ. ಕಾರಿನ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಅಲಾಯ್ ವೀಲ್, ಅಂದರೆ ಟೈರು ಕೂರುವ ಮಿಶ್ರಲೋಹದ ಚಕ್ರ (ರಿಮ್), ಒಡೆದು ಶೋರೂಮಿನಲ್ಲಿ ಬೆಲೆ ಕೇಳಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಹುಡುಕಾಟ ಶುರು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಜಾಹೀರಾತು. ಎಲ್ಲ ಕಡೆ ರಿಮ್ ಸಿಗುತ್ತದೆ, ಎಲ್ಲರೂ "ಸಾರ್, ಕೂರುತ್ತೆ" ಅಂತಲೇ ಹೇಳುತ್ತಾರೆ. ನಿಜವಾಗಿ ಕೂರುತ್ತದೋ ಇಲ್ಲವೋ ಎಂದು ನಾವೇ ತಿಳಿಯುವುದು ಕಷ್ಟವೇನಲ್ಲ. ನಾಲ್ಕೈದು ಸಂಖ್ಯೆ ಗೊತ್ತಿದ್ದರೆ ಸಾಕು.

## ರಿಮ್ ಒಡೆಯುವುದು ಯಾಕೆ

ಟೈರಿನ ಪಕ್ಕದಲ್ಲಿ 225/45 ಆರ್17 ಎಂಬಂಥ ಬರಹ ಇರುತ್ತದೆ. 225 ಎಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 45 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 45ರಷ್ಟು. 17 ಎಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ.

ಮಧ್ಯದ ಸಂಖ್ಯೆಯಲ್ಲೇ ಗುಟ್ಟಿರುವುದು. ಸಣ್ಣ ಕಾರೊಂದರ 165/80 ಆರ್14 ಟೈರಿಗೆ ಗೋಡೆಯ ಎತ್ತರ 132 ಮಿ.ಮೀ. 225/45 ಆರ್17ಕ್ಕೆ 101 ಮಿ.ಮೀ. 235/35 ಆರ್19 ಹಾಕಿದರೆ ಬರೀ 82. ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಇರುವುದು ಅಷ್ಟೇ ರಬ್ಬರು, ಅಷ್ಟೇ ಗಾಳಿ. ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಕಾರು ಬಿಗಿಯಾಗಿ ನಿಲ್ಲುತ್ತದೆ. ಅದಕ್ಕೇ ಸ್ಪೋರ್ಟ್ಸ್ ಕಾರಿಗೆ ಇಂಥ ಟೈರು. ಆದರೆ ಗುಂಡಿಯ ಪೆಟ್ಟು ಅಷ್ಟೇ ಬೇಗ ರಿಮ್‌ಗೆ ತಲುಪುತ್ತದೆ.

ನಮ್ಮ ಕಡೆ ಹೆದ್ದಾರಿ 44 ಚೆನ್ನಾಗಿಯೇ ಇದೆ. ಪೆಟ್ಟು ಬೀಳುವುದು ಅದರಿಂದ ಇಳಿದ ಮೇಲೆ. ಸರ್ವೀಸ್ ರಸ್ತೆ, ಕ್ರಷರ್ ಟಿಪ್ಪರ್‌ಗಳು ಓಡಾಡಿ ಅಂಚು ಕಿತ್ತುಹೋದ ಹಳ್ಳಿ ರಸ್ತೆ, ಬಿಳಿ ಪಟ್ಟೆ ಅಳಿಸಿಹೋಗಿ ಕತ್ತಲಲ್ಲಿ ಕಾಣದ ಹಂಪು. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ ಕೆಲಸ ಮುಗಿಯುತ್ತದೆ. ತಿಂಗಳಿಗೆರಡು ಸಲ ಗಾಳಿ ನೋಡಿಸುವುದಕ್ಕಿಂತ ಅಗ್ಗದ ರಿಮ್ ರಕ್ಷಣೆ ಬೇರೆ ಇಲ್ಲ.

ಪೆಟ್ಟು ಬಿದ್ದ ರಿಮ್ ಎರಡು ರೀತಿ ಹಾಳಾಗುತ್ತದೆ, ಒಂದೋ ಬೆಂಡ್, ಇಲ್ಲವೇ ಕ್ರ್ಯಾಕ್. ಒಳಗಡೆಯ ತುಟಿ ಸ್ವಲ್ಪ ಬೆಂಡ್ ಆಗಿದ್ದರೆ ಅದನ್ನು ಯಂತ್ರದಲ್ಲಿ ಒತ್ತಿ ನೇರ ಮಾಡಬಹುದು. ಕ್ರ್ಯಾಕ್ ಕಥೆ ಬೇರೆ. ಅಲಾಯ್ ರಿಮ್ ಅಲ್ಯೂಮಿನಿಯಂ, ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಸೇರಿದ ಮಿಶ್ರಲೋಹ. ಕಾರ್ಖಾನೆಯಲ್ಲಿ ಅದನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗ್ ಮಾಡಿದರೆ ಸುತ್ತಲಿನ ಲೋಹದ ಆ ಹದ ಹೋಗುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದರೂ ಅದೇ ಗತಿ. ಗಾಳಿ ಸೋರುವುದು ನಿಲ್ಲಬಹುದು, ಬಲ ಮರಳಿ ಬರುವುದಿಲ್ಲ. ಸ್ಪೋಕ್‌ನಲ್ಲೋ ಬೋಲ್ಟ್ ತೂತಿನ ಹತ್ತಿರವೋ ಕ್ರ್ಯಾಕ್ ಇದ್ದರೆ ಆ ರಿಮ್ ಗುಜರಿಗೆ. ಚರ್ಚೆ ಬೇಡ.

## ರಿಮ್‌ನ ಬೆನ್ನಿನ ಮೇಲಿನ ಬರಹ

ಹೊಸ ರಿಮ್ ಹುಡುಕುವ ಮುಂಚೆ ಹಳೇ ರಿಮ್ ಬಿಚ್ಚಿ ತಿರುಗಿಸಿ ನೋಡಿ. ಸ್ಪೋಕ್‌ಗಳ ಹಿಂಭಾಗದಲ್ಲಿ ಅಚ್ಚಿನಲ್ಲೇ ಮೂಡಿದ ಬರಹ ಇರುತ್ತದೆ. 17×7.5ಜೆ, ಇಟಿ 51 ಎಂಬ ರೀತಿ. ಇದರ ಜೊತೆ ಇನ್ನೆರಡು ಅಳತೆ ಬೇಕು, ಪಿಸಿಡಿ ಮತ್ತು ಸೆಂಟರ್ ಬೋರ್.

ಪಿಸಿಡಿ ಎಂದರೆ ಬೋಲ್ಟ್ ತೂತುಗಳ ಕೇಂದ್ರಗಳ ಮೇಲೆ ಹಾದುಹೋಗುವ ವೃತ್ತದ ವ್ಯಾಸ. 5×112 ಎಂದರೆ ಐದು ತೂತು, 112 ಮಿ.ಮೀ. ವ್ಯಾಸ. ನಾಲ್ಕು ತೂತಿನ ರಿಮ್ ಆದರೆ ಎದುರೆದುರು ತೂತುಗಳ ನಡುವಿನ ದೂರವೇ ಪಿಸಿಡಿ. ಐದು ತೂತು ಇದ್ದರೆ ಎದುರಿಗೆ ತೂತೇ ಇರುವುದಿಲ್ಲ, ಅಲ್ವಾ? ಆಗ ಅಕ್ಕಪಕ್ಕದ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದು 1.7ರಿಂದ ಗುಣಿಸಿ. 58.8 ಮಿ.ಮೀ. ಬಂದರೆ ಪಿಸಿಡಿ 100. 65.8 ಬಂದರೆ 112. 67.2 ಬಂದರೆ 114.3.

ಕೊನೆಯ ಎರಡರ ಹತ್ತಿರ ಹುಷಾರು. 112 ಮತ್ತು 114.3ರ ನಡುವೆ ವ್ಯತ್ಯಾಸ ಇರುವುದು 2.3 ಮಿ.ಮೀ. ಮಾತ್ರ. ಕೈಯಲ್ಲಿ ಒತ್ತಿ, ಬೋಲ್ಟ್ ತಿರುಗಿಸಿದರೆ ಹೇಗೋ ಕೂತುಬಿಡುತ್ತದೆ. ಆದರೆ ಪ್ರತಿ ಬೋಲ್ಟೂ ಓರೆಯಾಗಿ, ಎಳೆತದಲ್ಲಿ ಕೂತಿರುತ್ತದೆ. ಓಡುತ್ತ ಓಡುತ್ತ ಸಡಿಲವಾಗುತ್ತದೆ ಅಥವಾ ತುಂಡಾಗುತ್ತದೆ. ನಾಲ್ಕು ತೂತಿನಲ್ಲಿ 98 ಮತ್ತು 100ರ ನಡುವೆಯೂ ಇದೇ ಮೋಸ. ಹಳೇ ಫಿಯೆಟ್ ಪಾಲಿಯೊ 4×98, ಹೋಂಡಾ ಸಿಟಿ 4×100. "ಒಂದೆರಡು ಎಂಎಂ ಏನಾಗಲ್ಲ ಬಿಡಿ" ಎಂದವರ ಅಂಗಡಿಯಿಂದ ವಾಪಸ್ ಬನ್ನಿ.

ಸೆಂಟರ್ ಬೋರ್ ಎಂದರೆ ರಿಮ್‌ನ ನಟ್ಟನಡುವಿನ ದೊಡ್ಡ ತೂತು. ಕಾರಿನ ಹಬ್‌ನ (ಚಕ್ರವನ್ನು ಬಿಗಿಯುವ, ತಿರುಗುವ ಭಾಗ) ತುದಿ ಅದರೊಳಗೆ ಬಿಗಿಯಾಗಿ ಕೂರಬೇಕು. ಆಗಲೇ ಚಕ್ರ ಸರಿಯಾಗಿ ನಡುವಿಗೆ ಬರುವುದು. ರಿಮ್‌ನ ಬೋರ್ ಹಬ್‌ಗಿಂತ ಚಿಕ್ಕದಾದರೆ ರಿಮ್ ಕೂರುವುದೇ ಇಲ್ಲ. ದೊಡ್ಡದಾದರೆ ಕೂರುತ್ತದೆ, ಆದರೆ ಸಂದು ಉಳಿಯುತ್ತದೆ. 80–90ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಇದಕ್ಕೆ ಹಬ್ ರಿಂಗ್ ಎಂಬ ಬಳೆ ಸಿಗುತ್ತದೆ. ಒಳಗಿನ ಅಳತೆ ಹಬ್‌ಗೆ, ಹೊರಗಿನದು ರಿಮ್‌ಗೆ. ಬೆಲೆ ಹೆಚ್ಚಿಲ್ಲ, ಹಾಕಿಸಲು ಮರೆಯಬೇಡಿ.

ಇನ್ನುಳಿದದ್ದು ಅಗಲ ಮತ್ತು ಇಟಿ. 7.5ಜೆ ಎಂದರೆ ಟೈರು ಕೂರುವ ಜಾಗದ ಅಗಲ ಏಳೂವರೆ ಇಂಚು, ಜೆ ಎನ್ನುವುದು ಅಂಚಿನ ಆಕಾರದ ಗುರುತು. 225/45 ಟೈರಿಗೆ 7ರಿಂದ 8.5 ಇಂಚು ಅಗಲದ ರಿಮ್ ಹೊಂದುತ್ತದೆ.

ಇಟಿಯನ್ನು ಅಂಗಡಿಗಳಲ್ಲಿ ಆಫ್‌ಸೆಟ್ ಅನ್ನುತ್ತಾರೆ. ರಿಮ್‌ನ ಅಗಲದ ಸರಿ ಮಧ್ಯದಲ್ಲಿ ಒಂದು ಗೆರೆ ಊಹಿಸಿಕೊಳ್ಳಿ. ರಿಮ್ ಹಬ್‌ಗೆ ತಾಗುವ ಜಾಗ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಡೆ ಇದೆಯೋ ಅದೇ ಇಟಿ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ, ಚಿಕ್ಕದಾದಷ್ಟೂ ಹೊರಕ್ಕೆ.

ಒಂದು ಲೆಕ್ಕ ಮಾಡೋಣ. ನಿಮ್ಮ ರಿಮ್ 7.5ಜೆ ಇಟಿ 51. ಅಗ್ಗಕ್ಕೆ ಸಿಕ್ಕಿದ್ದು 8ಜೆ ಇಟಿ 35. ಅಗಲ ಅರ್ಧ ಇಂಚು ಹೆಚ್ಚಿತು, ಅಂದರೆ ಎರಡೂ ಬದಿಗೆ ಸುಮಾರು 6 ಮಿ.ಮೀ. ಇಟಿ 16 ಕಡಿಮೆಯಾಯಿತು, ಅಂದರೆ ಇಡೀ ಚಕ್ರ 16 ಮಿ.ಮೀ. ಹೊರಕ್ಕೆ ಬಂತು. ಒಟ್ಟು ಹೊರ ಅಂಚು 22 ಮಿ.ಮೀ. ಆಚೆ ಬಂತು. ನೋಡಲು ಭರ್ಜರಿ. ಆದರೆ ಹಿಂದೆ ಮೂವರು ಕೂತು ಹಂಪು ಹಾರಿಸಿದಾಗ ಟೈರು ಫೆಂಡರ್‌ಗೆ (ಚಕ್ರದ ಮೇಲಿನ ತಗಡು) ಉಜ್ಜುತ್ತದೆ, ಮಳೆಗಾಲದಲ್ಲಿ ಬಾಗಿಲಿಗೆಲ್ಲ ಕೆಸರು, ವೀಲ್ ಬೇರಿಂಗ್ ಮೇಲೆ ಜಾಸ್ತಿ ಭಾರ. ಮೂಲ ಇಟಿಗಿಂತ ಐದಾರು ಮಿ.ಮೀ. ಆಚೀಚೆ ಇದ್ದರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಅದಕ್ಕಿಂತ ದೂರ ಹೋಗುವ ರಿಮ್ ಎಷ್ಟೇ ಅಗ್ಗವಿದ್ದರೂ ಬೇಡ ಎನ್ನುವುದು ನನ್ನ ಅಭಿಪ್ರಾಯ.

## ಅಗ್ಗದ ಮೊದಲ ದಾರಿ: ಅದೇ ಕಂಪನಿಯ ಬೇರೆ ಕಾರಿನ ರಿಮ್

ಇಲ್ಲಿ ನಿಜವಾಗಿ ದುಡ್ಡು ಉಳಿಯುತ್ತದೆ. ಕಾರು ಕಂಪನಿಗಳು ಪ್ರತಿ ಮಾದರಿಗೂ ಹೊಸ ಹಬ್ ಮಾಡುವುದಿಲ್ಲ. ಒಂದೇ ಪಿಸಿಡಿ, ಒಂದೇ ಬೋರ್ ಹತ್ತಾರು ಮಾದರಿಗಳಲ್ಲಿ ಓಡುತ್ತದೆ. ಸ್ಪೋರ್ಟ್ಸ್ ಕಾರಿನ ಹೆಸರಿರುವ ರಿಮ್‌ಗೆ ಬೇಡಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ಅದೇ ಮನೆಯ ಸಾದಾ ಕಾರಿನ ರಿಮ್ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿರುತ್ತದೆ. ಹೊಸ ಕಾರು ಕೊಂಡ ವಾರದಲ್ಲೇ ಫ್ಯಾನ್ಸಿ ಅಲಾಯ್ ಹಾಕಿಸಿಕೊಂಡವರು ಕಂಪನಿ ರಿಮ್‌ಗಳನ್ನು ಮಾರಿಬಿಡುತ್ತಾರೆ. ಅಂಥ ನಾಲ್ಕರ ಸೆಟ್ ಸಿಕ್ಕರೆ ಬಿಡಬಾರದು. ಕಾರ್ಖಾನೆಯ ಗುಣಮಟ್ಟ, ಓಡಿದ್ದು ಕಡಿಮೆ.

ಫೋಕ್ಸ್‌ವ್ಯಾಗನ್ ಬಳಗವನ್ನೇ ತೆಗೆದುಕೊಳ್ಳಿ, ಸ್ಕೋಡಾ, ಆಡಿ ಇದರಲ್ಲೇ ಸೇರಿವೆ. ಪೋಲೊ, ವೆಂಟೊ, ರ‍್ಯಾಪಿಡ್, ಈಗಿನ ವರ್ಟಸ್, ಸ್ಲಾವಿಯಾ, ಟೈಗುನ್, ಕುಶಾಕ್ ಎಲ್ಲವೂ 5×100, ಬೋರ್ 57.1. ಪೋಲೊ ಜಿಟಿಯ ರಿಮ್ ಒಡೆದವರು ವೆಂಟೊದ ರಿಮ್ ಹುಡುಕಬಹುದು. ಲಾರಾ, ಜೆಟ್ಟಾ, ಸುಪರ್ಬ್ ಮತ್ತು 2013ರ ನಂತರದ ಆಕ್ಟೇವಿಯಾ 5×112, ಬೋರ್ ಅದೇ 57.1. ಆಕ್ಟೇವಿಯಾ ಆರ್‌ಎಸ್‌ಗೆ ಸುಪರ್ಬ್‌ನ 17 ಇಂಚಿನ ರಿಮ್ ನೋಡಬಹುದು, ಇಟಿ ಮಾತ್ರ ತಾಳೆ ಹಾಕಿ. ಆಡಿ ಟಿಟಿಯ ಎರಡನೇ ಮತ್ತು ಮೂರನೇ ತಲೆಮಾರಿನವೂ ಇದೇ ಅಳತೆಯವು.

ಇಲ್ಲೊಂದು ಎಡವಟ್ಟು ಕಾದಿರುತ್ತದೆ. 2000ದ ದಶಕದ ಮೊದಲ ತಲೆಮಾರಿನ ಆಕ್ಟೇವಿಯಾ ಆರ್‌ಎಸ್‌ಗೆ ಪಿಸಿಡಿ 5×100. ಕಾರಿನ ಹೆಸರು ಅದೇ, ಬ್ಯಾಡ್ಜ್ ಅದೇ, ಆದರೆ ಹೊಸದರ ರಿಮ್ ಹಳೆಯದಕ್ಕೆ ಆಗುವುದಿಲ್ಲ. ಬಿಎಂಡಬ್ಲ್ಯುನಲ್ಲೂ ಹೀಗೇ. ಹಳೇ 3 ಸಿರೀಸ್ 5×120, ಬೋರ್ 72.6. 2019ರಲ್ಲಿ ಭಾರತಕ್ಕೆ ಬಂದ ಹೊಸ 3 ಸಿರೀಸ್ 5×112, ಬೋರ್ 66.6. ಕಾರಿನ ಹೆಸರು ನೋಡಿ ರಿಮ್ ಕೊಳ್ಳಬಾರದು, ಸಂಖ್ಯೆ ನೋಡಿ ಕೊಳ್ಳಬೇಕು ಎನ್ನುವುದು ಇದಕ್ಕೇ.

ಮರ್ಸಿಡಿಸ್ ರಿಮ್‌ಗಳು ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವೂ 5×112, ಆದರೆ ಬೋರ್ 66.6. ಆಕ್ಟೇವಿಯಾದ 57.1ರ ಹಬ್‌ಗೆ ಹಾಕಬೇಕಾದರೆ ಹಬ್ ರಿಂಗ್ ಬೇಕು. ಉಲ್ಟಾ ಆಗುವುದಿಲ್ಲ, 57.1ರ ರಿಮ್ ಮರ್ಸಿಡಿಸ್ ಹಬ್ ಮೇಲೆ ಹತ್ತುವುದೇ ಇಲ್ಲ. ಲೇತ್‌ನಲ್ಲಿ ತೂತು ದೊಡ್ಡದು ಮಾಡಿಸುವವರೂ ಇದ್ದಾರೆ. ನಡುಮಧ್ಯ ಕೂದಲೆಳೆಯಷ್ಟು ತಪ್ಪಿದರೂ ಆ ನಡುಕ ಜೀವಮಾನವಿಡೀ ಇರುತ್ತದೆ.

ಪೋರ್ಷೆಯವರಿಗೆ ಈ ದಾರಿ ಕಿರಿದು. 911, ಬಾಕ್ಸ್‌ಸ್ಟರ್, ಕೇಮನ್‌ಗಳ ಪಿಸಿಡಿ 5×130. ಅದನ್ನು ಬಳಸುವ ಸಾದಾ ಕಾರು ನಮ್ಮ ರಸ್ತೆಯಲ್ಲಿ ಬಹಳ ಇಲ್ಲ.

## ಎರಡನೇ ದಾರಿ: ಒಂದು ಇಂಚು ಇಳಿಯುವುದು

ಸ್ಪೋರ್ಟ್ಸ್ ಕಾರು ಎಂದರೆ ರಿಮ್ ದೊಡ್ಡದಿರಬೇಕು ಅಂತ ನಮ್ಮ ಹುಡುಗರ ತಲೆಯಲ್ಲಿ ಕೂತಿದೆ. 17 ತೆಗೆದು 19 ಹಾಕಿಸುತ್ತಾರೆ. ಹಣ ಉಳಿಸಬೇಕಾದವರು ಹೋಗಬೇಕಾದ್ದು ಉಲ್ಟಾ ದಿಕ್ಕಿಗೆ. 18 ಇದ್ದರೆ 17ಕ್ಕೆ. ರಿಮ್ ಅಗ್ಗ, ಟೈರೂ ಅಗ್ಗ. ಟೈರಿನ ಗೋಡೆ ಎತ್ತರವಾಗುವುದರಿಂದ ಮುಂದಿನ ಗುಂಡಿಯಲ್ಲಿ ರಿಮ್ ಉಳಿಯುವ ಸಾಧ್ಯತೆಯೂ ಹೆಚ್ಚು. ಟೈರು ಜೀವನಪೂರ್ತಿ ಬದಲಾಯಿಸುತ್ತಲೇ ಇರುವ ಖರ್ಚು, ಆದ್ದರಿಂದ ಈ ಉಳಿತಾಯ ಒಂದು ಸಲಕ್ಕೆ ಮುಗಿಯುವುದಿಲ್ಲ.

ಒಂದೇ ನಿಯಮ: ಟೈರೂ ಸೇರಿ ಚಕ್ರದ ಒಟ್ಟು ವ್ಯಾಸ ಬದಲಾಗಬಾರದು. 225/40 ಆರ್18ರ ಒಟ್ಟು ವ್ಯಾಸ ಹೀಗೆ ಸಿಗುತ್ತದೆ. ಗೋಡೆ 90 ಮಿ.ಮೀ., ಮೇಲೆ ಕೆಳಗೆ ಸೇರಿ 180. 18 ಇಂಚು ಎಂದರೆ 457.2 ಮಿ.ಮೀ. ಕೂಡಿಸಿದರೆ 637. 225/45 ಆರ್17ಕ್ಕೆ ಅದೇ ರೀತಿ ಲೆಕ್ಕ ಹಾಕಿದರೆ 634. ವ್ಯತ್ಯಾಸ ಶೇ ಅರ್ಧಕ್ಕಿಂತ ಕಡಿಮೆ. 205/55 ಆರ್16 ಹಾಕಿದರೂ 632. ಮೂರೂ ಒಂದರ ಬದಲು ಒಂದು ನಡೆಯುವ ಅಳತೆಗಳೇ.

ವ್ಯಾಸ ಬದಲಾದರೆ ಏನಾಗುತ್ತದೆ? ಸ್ಪೀಡೋಮೀಟರ್ ಚಕ್ರದ ಸುತ್ತು ಎಣಿಸುತ್ತದೆ, ದೂರ ಅಳೆಯುವುದಿಲ್ಲ. ಚಕ್ರ ದೊಡ್ಡದಾದರೆ ನಿಜವಾದ ವೇಗ ಮೀಟರ್ ತೋರಿಸುವುದಕ್ಕಿಂತ ಜಾಸ್ತಿಯಾಗುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್‌ನಂಥ ವ್ಯವಸ್ಥೆಗಳೂ ಇದೇ ಎಣಿಕೆಯನ್ನು ನಂಬಿ ಕೆಲಸ ಮಾಡುತ್ತವೆ. ಗೇರ್ ಎಳೆತವೂ ಬದಲಾಗುತ್ತದೆ. ವ್ಯತ್ಯಾಸ ಶೇ 2ರ ಒಳಗೆ ಇದ್ದರೆ ಚಿಂತೆ ಇಲ್ಲ.

ಇಳಿಯುವುದಕ್ಕೂ ಮಿತಿ ಇದೆ. ಸ್ಪೋರ್ಟ್ಸ್ ಕಾರಿನ ಬ್ರೇಕ್ ಡಿಸ್ಕ್ ಮತ್ತು ಅದನ್ನು ಅದುಮಿ ಹಿಡಿಯುವ ಕ್ಯಾಲಿಪರ್ ದೊಡ್ಡವು. ಆಕ್ಟೇವಿಯಾ ಸಾದಾ ಕಾರಿಗೆ 16 ಇಂಚು ಸಾಕು, ಆರ್‌ಎಸ್‌ನ ದೊಡ್ಡ ಬ್ರೇಕ್ ಮೇಲೆ 16 ಕೂರದೇ ಇರಬಹುದು. ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಕಂಪನಿಯವರು ಚೀಟಿ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಕೈಪಿಡಿಯಲ್ಲಿ ಇರುತ್ತದೆ. ಅದರಲ್ಲಿರುವ ಅತಿ ಚಿಕ್ಕ ಅಳತೆಯೇ ನಿಮ್ಮ ಮಿತಿ. ಒಂದೇ ಇಂಚಿನ ಎರಡು ರಿಮ್‌ಗಳಲ್ಲೂ ಸ್ಪೋಕ್‌ನ ಬಾಗು ಬೇರೆ ಇರುತ್ತದೆ. ಒಂದು ಕ್ಯಾಲಿಪರ್‌ಗೆ ತಾಗುತ್ತದೆ, ಇನ್ನೊಂದು ತಾಗುವುದಿಲ್ಲ. ಹಾಗಾಗಿ ಟೈರು ಏರಿಸುವ ಮುಂಚೆ ಬರೀ ರಿಮ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಟೈರು ಏರಿಸಿದ ರಿಮ್ ವಾಪಸ್ ತೆಗೆದುಕೊಳ್ಳುವ ಅಂಗಡಿ ವಿರಳ.

## ಹೊಸ ರಿಮ್ ಕೊಳ್ಳುವುದಾದರೆ

ಅಂಗಡಿಯಲ್ಲಿ ಒಂದೇ ಅಳತೆಯ, ಒಂದೇ ರೀತಿ ಕಾಣುವ ಎರಡು ರಿಮ್‌ಗಳ ಬೆಲೆಯಲ್ಲಿ ಅಜಗಜಾಂತರ ಇರುತ್ತದೆ. ಕಾರಣ ತಯಾರಿಸುವ ಬಗೆ. ಕಾಸ್ಟ್ ರಿಮ್‌ನಲ್ಲಿ ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುತ್ತಾರೆ, ಇಡ್ಲಿ ಹಿಟ್ಟನ್ನು ತಟ್ಟೆಗೆ ಹೊಯ್ದ ಹಾಗೆ. ಒಳಗೆ ಸಣ್ಣ ಗಾಳಿಗುಳ್ಳೆ ಉಳಿಯಬಹುದು, ಅದಕ್ಕೆ ಲೋಹ ದಪ್ಪ ಇಡಬೇಕು, ತೂಕ ಜಾಸ್ತಿ. ಫೋರ್ಜ್ಡ್ ರಿಮ್‌ನಲ್ಲಿ ಗಟ್ಟಿ ಲೋಹದ ತುಂಡನ್ನು ಭಾರೀ ಒತ್ತಡದಲ್ಲಿ ಅದುಮಿ ಆಕಾರ ಕೊಡುತ್ತಾರೆ. ತೆಳ್ಳಗಿದ್ದರೂ ಗಟ್ಟಿ, ಬೆಲೆ ಆಕಾಶದಲ್ಲಿ. ಇವೆರಡರ ನಡುವೆ ಫ್ಲೋ ಫಾರ್ಮ್ಡ್ ಎನ್ನುವುದಿದೆ. ಮುಖ ಕಾಸ್ಟ್, ಸುತ್ತಿನ ಪಟ್ಟಿಯನ್ನು ಮಾತ್ರ ಬಿಸಿಯಾಗಿರುವಾಗಲೇ ತಿರುಗಿಸುತ್ತ ರೋಲರ್‌ನಿಂದ ಒತ್ತಿ ಎಳೆದದ್ದು. ಗುಂಡಿಯ ಪೆಟ್ಟು ಬೀಳುವುದೇ ಆ ಪಟ್ಟಿಗೆ. ಬಜೆಟ್ ಸ್ವಲ್ಪ ಹಿಗ್ಗಿಸಲು ಆಗುವವರಿಗೆ ಇದು ಒಳ್ಳೆಯ ನಡುದಾರಿ. ದಿನಾ ಓಡಿಸುವ ಕಾರಿಗೆ ಒಳ್ಳೇ ಕಾಸ್ಟ್ ರಿಮ್ ಏನೂ ಕಡಿಮೆಯಲ್ಲ, ಬಹುತೇಕ ಕಂಪನಿ ರಿಮ್‌ಗಳು ಕಾಸ್ಟ್ ರಿಮ್‌ಗಳೇ.

ಕೆಟ್ಟ ಕಾಸ್ಟ್ ರಿಮ್ ಮಾತ್ರ ಅಪಾಯ. ದುಬಾರಿ ರಿಮ್‌ನ ವಿನ್ಯಾಸ ಕದ್ದು ಮಾಡಿದ ನಕಲುಗಳು ಮಾರುಕಟ್ಟೆಯಲ್ಲಿ ತುಂಬಿವೆ. ಗುರುತು ಹಿಡಿಯಲು ಮತ್ತೆ ಬೆನ್ನು ತಿರುಗಿಸಿ. ತಯಾರಕರ ಹೆಸರು, ತಯಾರಿಸಿದ ತಿಂಗಳು, ಅಳತೆ, ಇಟಿ, ತಾಳುವ ಭಾರ ಅಚ್ಚಿನಲ್ಲೇ ಇರಬೇಕು. ಅದರ ಜೊತೆ ನಮ್ಮ ಐಎಸ್‌ಐ ಗುರುತು, ಜಪಾನಿನ ಜೆಡಬ್ಲ್ಯುಎಲ್, ವಿಐಎ ಅಥವಾ ಜರ್ಮನಿಯ ಕೆಬಿಎ ಗುರುತು. ಇವು ಬಾಗುವ ಒತ್ತಡ, ಪೆಟ್ಟು, ಭಾರದ ಪರೀಕ್ಷೆಗಳಿಗೆ ಸಂಬಂಧಿಸಿದವು. ಬೆನ್ನು ಖಾಲಿ ಇರುವ ರಿಮ್ ಬೇಡ. ಗುರುತನ್ನೂ ನಕಲು ಮಾಡಬಹುದಲ್ಲ ಎಂದರೆ, ಹೌದು, ಮಾಡಬಹುದು. ಅದಕ್ಕೇ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು.

ತಾಳುವ ಭಾರ ತಾಳೆ ಹಾಕುವುದು ಸುಲಭ. ಕಾರಿನ ಫಲಕದಲ್ಲಿ ಪ್ರತಿ ಆಕ್ಸಲ್‌ಗೆ (ಎಡ-ಬಲ ಚಕ್ರಗಳ ಜೋಡಿ) ಗರಿಷ್ಠ ಭಾರ ಬರೆದಿರುತ್ತದೆ. ಮುಂದಿನ ಆಕ್ಸಲ್ 1,100 ಕೆ.ಜಿ. ಇದ್ದರೆ ಒಂದು ಚಕ್ರಕ್ಕೆ 550. ರಿಮ್ ಮೇಲೆ 550ಕ್ಕಿಂತ ಹೆಚ್ಚಿನ ಸಂಖ್ಯೆ ಇರಬೇಕು. ಟೈರಿಗೂ ಹಾಗೇ. 91 ಎಂದು ಬರೆದಿದ್ದರೆ 615 ಕೆ.ಜಿ., 94 ಇದ್ದರೆ 670. ಅದರ ಪಕ್ಕದ ಅಕ್ಷರ ವೇಗದ ಮಿತಿ. ವಿ ಎಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯು ಎಂದರೆ 270. ಕಂಪನಿ ಹೇಳಿದ ಅಕ್ಷರಕ್ಕಿಂತ ಕೆಳಗಿನದು ಹಾಕಬೇಡಿ.

2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ದರ ಹಿಡಿದು ಲೆಕ್ಕ ಹಾಕಿದ್ದವರು ಮತ್ತೊಮ್ಮೆ ವಿಚಾರಿಸುವುದು ಒಳ್ಳೆಯದು.

## ಸೆಕೆಂಡ್ ಹ್ಯಾಂಡ್ ರಿಮ್ ನೋಡುವ ಬಗೆ

ಮುಂಭಾಗ ಹೊಳೆಯುತ್ತಿದೆ ಎಂದು ಮರುಳಾಗಬೇಡಿ. ಪೇಂಟಿಗೆ ಹೆಚ್ಚು ಖರ್ಚಿಲ್ಲ. ನೋಡಬೇಕಾದ್ದು ಒಳಸುತ್ತು. ಟೈರು ಬಿಚ್ಚಿಸಿ, ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ಇಡೀ ಸುತ್ತು ನೋಡಿ. ಕೂದಲೆಳೆಯಂಥ ಬಿರುಕು ಸಾಮಾನ್ಯವಾಗಿ ಒಳ ಅಂಚಿನಲ್ಲೇ ಇರುತ್ತದೆ. ಒಂದು ಜಾಗದಲ್ಲಿ ಮಾತ್ರ ಪೇಂಟ್ ದಪ್ಪ, ಉಬ್ಬು ಅಥವಾ ಉಜ್ಜಿದ ಗುರುತು ಕಂಡರೆ ಅಲ್ಲಿ ವೆಲ್ಡಿಂಗ್ ಆಗಿದೆ ಅಂತಲೇ ತಿಳಿಯಿರಿ. ಬೋಲ್ಟ್ ತೂತುಗಳು ದುಂಡಗಿವೆಯೇ, ಮೊಟ್ಟೆಯಾಕಾರಕ್ಕೆ ಸವೆದಿವೆಯೇ ನೋಡಿ. ಸವೆದಿದ್ದರೆ ಯಾರೋ ಸಡಿಲ ಬೋಲ್ಟಿನಲ್ಲಿ ಓಡಿಸಿದ್ದಾರೆ.

ಆಮೇಲೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಬರೀ ರಿಮ್ ಏರಿಸಿ ತಿರುಗಿಸಲು ಹೇಳಿ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಯಾವ ಟೈರ್ ಅಂಗಡಿಯಲ್ಲಾದರೂ ಸ್ವಲ್ಪ ದುಡ್ಡು ಕೊಟ್ಟರೆ ಮಾಡುತ್ತಾರೆ. ಅಂಚಿನ ಹತ್ತಿರ ಒಂದು ಕಡ್ಡಿ ಅಲುಗದಂತೆ ಹಿಡಿದರೆ ರಿಮ್ ಪಕ್ಕಕ್ಕೆ ಅಲ್ಲಾಡುವುದೂ ಮೇಲೆ ಕೆಳಗೆ ಕುಣಿಯುವುದೂ ಕಣ್ಣಿಗೇ ಕಾಣುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಟೈರು ಸಮೇತ ಕೊಡುತ್ತೇವೆ ಎಂದರೆ ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರ. ಅಷ್ಟು ಹಳೇ ಟೈರಿಗೆ ಬೆಲೆ ಕಟ್ಟಬೇಡಿ, ಬರೀ ರಿಮ್ ಲೆಕ್ಕದಲ್ಲಿ ಮಾತಾಡಿ.

## ಬೋಲ್ಟ್, ನಟ್, ಸ್ಪೇಸರ್

ಚಿಕ್ಕ ವಿಷಯ ಅನಿಸಬಹುದು, ಚಕ್ರ ನಿಂತಿರುವುದೇ ಇದರ ಮೇಲೆ. ಜಪಾನ್, ಕೊರಿಯಾದ ಕಾರುಗಳಲ್ಲಿ ಹಬ್‌ನಲ್ಲಿ ಸ್ಟಡ್ (ಹೊರಚಾಚಿದ ತಿರುಪು ಕಡ್ಡಿ) ಇರುತ್ತದೆ, ಮೇಲಿಂದ ನಟ್. ಫೋಕ್ಸ್‌ವ್ಯಾಗನ್ ಬಳಗ, ಬಿಎಂಡಬ್ಲ್ಯು, ಮರ್ಸಿಡಿಸ್‌ನಲ್ಲಿ ನೇರ ಬೋಲ್ಟ್. ಬೋಲ್ಟಿನ ತಲೆ ರಿಮ್‌ಗೆ ತಾಗುವ ಜಾಗದ ಆಕಾರ ಮುಖ್ಯ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಂಪನಿ ರಿಮ್‌ಗಳಿಗೆ ಅದು ಚೆಂಡಿನಂತೆ ದುಂಡು. ಹೊರಗಡೆ ಸಿಗುವ ಅಲಾಯ್‌ಗಳಿಗೆ ಹೆಚ್ಚಾಗಿ 60 ಡಿಗ್ರಿಯ ಶಂಕು. ದುಂಡು ಬೋಲ್ಟನ್ನು ಶಂಕು ತೂತಿಗೆ ಹಾಕಿದರೆ ಬಿಗಿಯಾದಂತೆ ಅನಿಸುತ್ತದೆ, ಆದರೆ ತಾಗುವುದು ಒಂದು ಸಣ್ಣ ಗೆರೆಯಷ್ಟು ಜಾಗ ಮಾತ್ರ. ಸ್ವಲ್ಪ ದಿನಕ್ಕೆ ಸಡಿಲ. ಹೊರಗಿನ ರಿಮ್ ಕೊಂಡರೆ ಅದಕ್ಕೆ ತಕ್ಕ ಬೋಲ್ಟ್ ಸೆಟ್ಟನ್ನೂ ಲೆಕ್ಕಕ್ಕೆ ಸೇರಿಸಿ. ಸ್ಟೆಪ್ನಿಗೆ ಹಳೇ ಬೋಲ್ಟುಗಳೇ ಬೇಕಾಗಬಹುದು, ಎಸೆಯದೆ ಡಿಕ್ಕಿಯಲ್ಲಿ ಇಟ್ಟಿರಿ.

ಉದ್ದವೂ ನೋಡಬೇಕು. 14 ಮಿ.ಮೀ. ದಪ್ಪದ ಬೋಲ್ಟು ಕನಿಷ್ಠ 14 ಮಿ.ಮೀ. ಒಳಗೆ ಹೋಗಬೇಕು. ಒಂದು ಸುತ್ತಿಗೆ 1.5 ಮಿ.ಮೀ. ಒಳಗೆ ಹೋಗುವ ಬೋಲ್ಟಿಗೆ ಅದು ಒಂಬತ್ತು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಕೈಯಲ್ಲಿ ತಿರುಗಿಸಿ ಎಣಿಸಿ. ನಾಲ್ಕೈದು ಸುತ್ತಿಗೆ ಬಿಗಿಯಾದರೆ ಬೋಲ್ಟ್ ಗಿಡ್ಡ.

ಸ್ಪೇಸರ್ ಎಂದರೆ ಹಬ್‌ಗೂ ರಿಮ್‌ಗೂ ನಡುವೆ ಇಡುವ ಬಿಲ್ಲೆ. ಇಟಿ ಹೊಂದದ ರಿಮ್ ಕೊಂಡವರಿಗೆ ಅಂಗಡಿಯವರು ಇದನ್ನು ತೋರಿಸುತ್ತಾರೆ. ಹಬ್‌ಗೆ ಸರಿಯಾಗಿ ಕೂರುವ ಒಳ್ಳೇ ಸ್ಪೇಸರ್, ಅದಕ್ಕೆ ತಕ್ಕ ಉದ್ದದ ಬೋಲ್ಟ್ ಎಲ್ಲ ಸೇರಿಸಿ ನೋಡಿ. ಅಗ್ಗದ ರಿಮ್ ಅಗ್ಗವಾಗಿ ಉಳಿದಿರುವುದಿಲ್ಲ.

## ಒಂದೇ ಸಾಕೇ, ನಾಲ್ಕೂ ಬೇಕೇ?

ಒಂದು ಒಡೆದರೆ ಅದೇ ಅಳತೆ, ಅದೇ ಇಟಿಯ ಒಂದು ರಿಮ್ ಸಾಕು. ವಿನ್ಯಾಸ ಬೇರೆ ಆದರೂ ಕಾರಿಗೆ ಗೊತ್ತಾಗುವುದಿಲ್ಲ, ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ ಅಷ್ಟೆ. ಅಳತೆ ಬೇರೆಯಾಗುವುದಾದರೆ ಒಂದೇ ಆಕ್ಸಲ್‌ನ ಎರಡೂ ಬದಲಿಸಬೇಕು. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಕಾರುಗಳಲ್ಲಿ, ಆಡಿಯ ಕ್ವಾಟ್ರೊದಂಥವುಗಳಲ್ಲಿ, ನಾಲ್ಕರ ಒಟ್ಟು ವ್ಯಾಸವೂ ಒಂದೇ ಇರಬೇಕು. ಒಂದಕ್ಕೆ ಮಾತ್ರ ಹೊಚ್ಚಹೊಸ ಟೈರು, ಉಳಿದ ಮೂರು ಸವೆದವು ಆದರೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆ ಸುಮ್ನೆ ಕೆಲಸ ಜಾಸ್ತಿ. ಹಿಂದಿನ ಚಕ್ರ ಅಗಲ, ಮುಂದಿನದು ಕಿರಿದು ಇರುವ ಕಾರುಗಳೂ ಇವೆ, ಪೋರ್ಷೆ 911 ಒಂದು ಉದಾಹರಣೆ. ಅವಕ್ಕೆ ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಕೇಳಿಯೇ ಕೊಳ್ಳಬೇಕು.

## ಕಾನೂನು, ವಿಮೆ, ಕೊನೆಯ ಬಿಗಿತ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಮಾತನ್ನು ಎತ್ತಿಹಿಡಿಯಿತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಕಾಯ್ದೆಯಲ್ಲೇ ಇದೆ. ಕಂಪನಿ ಪಟ್ಟಿಯಲ್ಲಿರುವ ಅಳತೆಯೊಳಗೆ, ಫೆಂಡರಿನಿಂದ ಆಚೆ ಬರದಂತೆ ಹಾಕಿದ ರಿಮ್‌ಗೆ ಈ ತಲೆನೋವು ಇಲ್ಲ.

ವಿಮೆಯ ವಿಷಯ ಇಷ್ಟೆ. ಸಾಮಾನ್ಯ ಪಾಲಿಸಿಯಲ್ಲಿ ಬರೀ ಟೈರು ಹಾಳಾದರೆ ಹಣ ಬರುವುದಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಟೈರ್ ಬೆಲೆಯ ಅರ್ಧ ಸಿಗುತ್ತದೆ. ಹೊರಗಿನ ಅಲಾಯ್ ಹಾಕಿಸಿದ್ದರೆ ಪಾಲಿಸಿಯಲ್ಲಿ ಅದನ್ನು ಪರಿಕರ ಎಂದು ಸೇರಿಸಬೇಕು, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ಜಗಳ. ಬಿಲ್ ಬೇಕಾಗುವುದು ಇಲ್ಲೂ.

ರಿಮ್ ಹಾಕಿಸುವ ದಿನ ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿಸಿ. ಗಾಳಿ ಗನ್ನಿನಲ್ಲಿ ಟರ್ ಎಂದು ಬಿಗಿದು ಕಳಿಸಲು ಬಿಡಬೇಡಿ. ಬೋಲ್ಟುಗಳನ್ನು ಎದುರುಬದುರು ಸರದಿಯಲ್ಲಿ ಕೈಯಲ್ಲಿ ಕೂರಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದಷ್ಟೇ ಬಿಗಿಸಬೇಕು. ಆಕ್ಟೇವಿಯಾ, ಪೋಲೊಗಳಿಗೆ ಅದು 120 ನ್ಯೂಟನ್ ಮೀಟರ್. ಹೊಸ ರಿಮ್ ಸ್ವಲ್ಪ ಓಡಿದ ಮೇಲೆ ಕೂತು ನೆಲೆಯಾಗುತ್ತದೆ, ಬೋಲ್ಟ್ ಒಂದಿಷ್ಟು ಸಡಿಲವಾಗಬಹುದು. 100 ಕಿ.ಮೀ. ಆಸುಪಾಸಿನಲ್ಲಿ ಮತ್ತೊಮ್ಮೆ ರೆಂಚ್ ಹಾಕಿಸಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಒಂದು ಸಲ ಹೋಗಿ ಬಂದರೆ ಅಷ್ಟು ದೂರ ಆಗುತ್ತದೆ. ವಾಪಸ್ ಬಂದು ಚಕ್ರ ಪೂರ್ತಿ ತಣ್ಣಗಾದ ಮೇಲೆ ಮಾಡಿಸಿ.